ಹಾಲುಜ್ವರದಲ್ಲಿ ಕ್ಯಾಲ್ಸಿಯಂ ಮದ್ದು ಮತ್ತು ರಕ್ತದ ಆಮ್ಲ-ಕ್ಷಾರ ಸಮತೋಲನ

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲಿನ ಹಳ್ಳಿಗಳಲ್ಲಿ ಹೈನುಗಾರಿಕೆ ಇಂದಿಗೂ ಅನೇಕ ಕುಟುಂಬಗಳಿಗೆ ಆಧಾರವಾಗಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಬಡಾವಣೆಗಳು ಬೆಳೆದು ಸುತ್ತಿಕೊಂಡಿರುವ ಹಳೆಯ ಊರುಗಳಲ್ಲಿಯೂ ಒಂದೆರಡು ಮಿಶ್ರತಳಿ ಹಸುಗಳನ್ನು ಕಟ್ಟಿಕೊಂಡ ಮನೆಗಳು ಅಲ್ಲಲ್ಲಿ ಉಳಿದಿವೆ. ಇಂಥ ಮನೆಗಳಲ್ಲಿ ಹಸು ಕರು ಹಾಕುವ ದಿನವೆಂದರೆ ಸಂತೋಷದ ದಿನ. ಆದರೆ ಮೂರನೆಯ ಅಥವಾ ನಾಲ್ಕನೆಯ ಸೂಲಿನ ಒಳ್ಳೆಯ ಹಾಲಿನ ಹಸುವಾಗಿದ್ದರೆ ಆ ಸಂತೋಷ ಕೆಲವೊಮ್ಮೆ ಒಂದು ರಾತ್ರಿಯೂ ಉಳಿಯುವುದಿಲ್ಲ.

ಸಂಜೆ ಸುಸೂತ್ರವಾಗಿ ಕರು ಹಾಕಿ ಗಿಣ್ಣು ಹಾಲು ಕೊಟ್ಟ ಹಸು ಬೆಳಗಿನ ಜಾವಕ್ಕೆ ಮೇವು ಮುಟ್ಟುವುದಿಲ್ಲ. ಹಿಂಗಾಲು ತಡವರಿಸುತ್ತದೆ, ಮೈ ನಡುಗುತ್ತದೆ, ಹಲ್ಲು ಕಡಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೆಲಕ್ಕೆ ಕುಸಿದು, ಕತ್ತನ್ನು ಪಕ್ಕೆಗೆ ಒರಗಿಸಿಕೊಂಡು ತೂಕಡಿಸುವಂತೆ ಮಲಗಿಬಿಡುತ್ತದೆ. ಮೂತಿ ಒಣಗಿರುತ್ತದೆ, ಕಿವಿ ತಣ್ಣಗಿರುತ್ತದೆ, ಸೆಗಣಿ ನಿಂತಿರುತ್ತದೆ. ಇದೇ ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಏರುವುದಿಲ್ಲ, ಬದಲಿಗೆ ಇಳಿಯುತ್ತದೆ. ತಕ್ಕ ಚಿಕಿತ್ಸೆ ದೊರೆಯದಿದ್ದರೆ ಹಸು ಪಕ್ಕಕ್ಕೆ ಉರುಳಿ, ಹೊಟ್ಟೆ ಉಬ್ಬರಿಸಿ, ಒಂದು ದಿನದೊಳಗೇ ಸಾಯುವುದುಂಟು.

ಪಶುವೈದ್ಯರು ಬಂದು ಕತ್ತಿನ ರಕ್ತನಾಳಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಕೊಟ್ಟರೆ ಹೆಚ್ಚಿನ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ನೋಡಿದವರಿಗೆ ಪವಾಡದಂತೆ ತೋರುತ್ತದೆ. ಆದರೂ ರೈತರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಅದೇ ಬಾಟಲಿ, ಅದೇ ವೈದ್ಯರು, ಒಂದು ಮನೆಯ ಹಸು ಎದ್ದು ಮೇಯುತ್ತದೆ, ಪಕ್ಕದ ಮನೆಯದು ಎದ್ದು ಮಾರನೆಯ ದಿನ ಮತ್ತೆ ಬೀಳುತ್ತದೆ. ಹೀಗೇಕೆ? ಚಿಕಿತ್ಸೆ ಪಡೆದ ಹಸುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಹೀಗೆ ಮರಳಿ ಬೀಳುವುದುಂಟು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದು ಬಾಟಲಿಯಲ್ಲಿಲ್ಲ, ಹಸುವಿನ ರಕ್ತದಲ್ಲಿದೆ. ಆ ರಕ್ತ ಕ್ಷಾರದ ಕಡೆ ವಾಲಿದೆಯೋ ಆಮ್ಲದ ಕಡೆ ವಾಲಿದೆಯೋ ಎಂಬುದರಲ್ಲಿದೆ.

ಸುಣ್ಣದ ಲೆಕ್ಕ

ಆರೋಗ್ಯವಂತ ಹಸುವಿನ 100 ಮಿಲಿಲೀಟರ್ ರಕ್ತದ್ರವದಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದ ಸತ್ವ, ಇರುತ್ತದೆ. ಇಡೀ ರಕ್ತದ್ರವದಲ್ಲಿ ಯಾವುದೇ ಹೊತ್ತಿನಲ್ಲಿ ಇರುವುದು 2ರಿಂದ 3 ಗ್ರಾಂ ಮಾತ್ರ. ಆದರೆ 10 ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು 20 ಗ್ರಾಂ ಸುಣ್ಣ ಹೊರಗೆ ಹೋಗುತ್ತದೆ. ಕೈಯಲ್ಲಿ ಮೂರು ರೂಪಾಯಿ ಇಟ್ಟುಕೊಂಡು ದಿನಕ್ಕೆ ಇಪ್ಪತ್ತು ರೂಪಾಯಿ ಖರ್ಚು ಮಾಡುವ ಸಂಸಾರ ಇದು. ಎಲುಬೆಂಬ ದೊಡ್ಡ ಕಣಜದಿಂದಲೂ ಕರುಳಿನಿಂದಲೂ ಗಂಟೆಗಂಟೆಗೂ ಸುಣ್ಣ ರಕ್ತಕ್ಕೆ ಬರುತ್ತಿದ್ದರೆ ಮಾತ್ರ ಸಂಸಾರ ನಡೆಯುತ್ತದೆ. ದಿನಕ್ಕೆ ಎರಡು ಮೂರು ಲೀಟರ್ ಕರೆಯುವ ಹಳ್ಳಿಕಾರ್ ಹಸುವಿಗೆ ಈ ಕಷ್ಟ ಅಷ್ಟಾಗಿ ಬಾರದಿರುವುದಕ್ಕೂ, ಹೆಚ್ಚು ಹಾಲಿನ ಜರ್ಸಿ ಮತ್ತು ಹೋಲ್‌ಸ್ಟೀನ್ ಮಿಶ್ರತಳಿಗಳಿಗೆ ಬರುವುದಕ್ಕೂ ಇದೇ ಕಾರಣ.

ಕಣಜದ ಬಾಗಿಲು ತೆರೆಯುವ ಕೆಲಸ ಕತ್ತಿನಲ್ಲಿರುವ ಪ್ಯಾರಾಥೈರಾಯಿಡ್ ಎಂಬ ಪುಟ್ಟ ಗ್ರಂಥಿಗಳದು. ರಕ್ತದಲ್ಲಿ ಸುಣ್ಣ ಇಳಿದ ಕೂಡಲೇ ಇವು ಒಂದು ಚೋದಕವನ್ನು ಸ್ರವಿಸುತ್ತವೆ. ಆ ಚೋದಕ ಎಲುಬಿನಿಂದ ಸುಣ್ಣ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವ ಸುಣ್ಣವನ್ನು ತಡೆಯುತ್ತದೆ. ಅಲ್ಲದೆ ಮೂತ್ರಪಿಂಡದಲ್ಲಿ ಡಿ ಜೀವಸತ್ವವನ್ನು ಚುರುಕುಗೊಳಿಸಿ ಕರುಳು ಹೆಚ್ಚು ಸುಣ್ಣ ಹೀರುವಂತೆ ಮಾಡುತ್ತದೆ. ಮೊದಲ ಸೂಲಿನ ಕಡಸಿನಲ್ಲಿ ಈ ಏರ್ಪಾಡು ಚುರುಕಾಗಿರುತ್ತದೆ. ಸೂಲು ಹೆಚ್ಚಿದಂತೆ ಎಲುಬೂ ಕರುಳೂ ನಿಧಾನಿಸುತ್ತವೆ.

ಈ ತಿಳುವಳಿಕೆ ಒಮ್ಮೆಗೇ ಬಂದುದಲ್ಲ. 1897ರಲ್ಲಿ ಡೆನ್ಮಾರ್ಕ್ ದೇಶದ ಕೋಲ್ಡಿಂಗ್ ಪಟ್ಟಣದ ಸ್ಮಿತ್ ಎಂಬ ಪಶುವೈದ್ಯರು, ಕೆಚ್ಚಲಿನಲ್ಲಿ ವಿಷ ಹುಟ್ಟುತ್ತದೆಂದು ನಂಬಿ ಅದರೊಳಗೆ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ತುಂಬಿದರು. ಹಸುಗಳು ಬದುಕಿದವು. ಆಮೇಲೆ ಬರೀ ಗಾಳಿ ತುಂಬಿದರೂ ಬದುಕುತ್ತವೆಂದು ಕಂಡುಬಂತು. ಕೆಚ್ಚಲು ಉಬ್ಬಿ ಹಾಲು ಇಳಿಯುವುದು ನಿಂತು, ಸುಣ್ಣ ರಕ್ತದಲ್ಲೇ ಉಳಿಯುತ್ತಿದ್ದುದೇ ಇದರ ಗುಟ್ಟು. ನಂಬಿದ ಕಾರಣ ತಪ್ಪು, ಮಾಡಿದ ಕೆಲಸ ಸರಿ! ರಕ್ತದಲ್ಲಿ ಸುಣ್ಣ ಇಳಿಯುವುದೇ ರೋಗವೆಂದು ತಿಳಿದದ್ದು 1925ರ ಸುಮಾರಿಗೆ, ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೆಗ್ ಮುಂತಾದವರ ಕೆಲಸದಿಂದ. ಕೆಚ್ಚಲಬಾವು ತರುವ ಗಾಳಿ ಪಂಪು ಅಲ್ಲಿಂದ ಮುಂದೆ ಹಿಂದೆ ಸರಿಯಿತು.

ಆರತಿ ನೀರಿನ ಪಾಠ

ಆಮ್ಲ-ಕ್ಷಾರವೆಂದರೇನು ಎಂಬುದನ್ನು ಮನೆಯಲ್ಲೇ ನೋಡಬಹುದು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರಾಗುತ್ತದೆ. ಅದಕ್ಕೇ ನಿಂಬೆಹಣ್ಣು ಹಿಂಡಿದರೆ ಪುನಃ ಹಳದಿಯಾಗುತ್ತದೆ. ಸುಣ್ಣದ ನೀರು ಕ್ಷಾರ, ನಿಂಬೆರಸ ಆಮ್ಲ. ಇವೆರಡರ ಅಳತೆಗೆ ಪಿ.ಎಚ್. ಎಂದು ಹೆಸರು. 7 ನಡುಮಟ್ಟ, ಮೇಲಕ್ಕೆ ಹೋದರೆ ಕ್ಷಾರ, ಕೆಳಕ್ಕೆ ಇಳಿದರೆ ಆಮ್ಲ. ರಕ್ತ ಯಾವಾಗಲೂ 7.4ರ ಆಸುಪಾಸಿನಲ್ಲೇ ಇರುತ್ತದೆ. ಅದು ಕೂದಲೆಳೆಯಷ್ಟು ಅತ್ತಿತ್ತ ವಾಲಿದರೂ ಪರಿಣಾಮ ದೊಡ್ಡದು. ಗಾಬರಿಯಿಂದ ಒಂದೇ ಸಮನೆ ಜೋರಾಗಿ ಉಸಿರಾಡುವವರ ಬೆರಳುಗಳು ಸೆಟೆದುಕೊಳ್ಳುವುದನ್ನು ಕೆಲವರು ನೋಡಿರಬಹುದು. ಹೆಚ್ಚಿನ ಉಸಿರಾಟದಿಂದ ರಕ್ತ ಕ್ಷಾರದ ಕಡೆ ವಾಲಿ, ಬಿಡಿಯಾಗಿದ್ದ ಸುಣ್ಣದ ಒಂದು ಪಾಲು ರಕ್ತದ ಆಲ್ಬುಮಿನ್ ಎಂಬ ಸಸಾರಜನಕಕ್ಕೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುವುದು ಇದಕ್ಕೆ ಕಾರಣ. ಒಟ್ಟು ಸುಣ್ಣ ಅಷ್ಟೇ ಇರುತ್ತದೆ, ದುಡಿಯುವ ಸುಣ್ಣ ಕಡಿಮೆಯಾಗುತ್ತದೆ.

ಹಸುವಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ಚೋದಕದ ಮಾತು. ಚೋದಕವನ್ನು ಬೀಗದ ಕೈ ಎಂದುಕೊಂಡರೆ ಎಲುಬು ಮತ್ತು ಮೂತ್ರಪಿಂಡದ ಜೀವಕೋಶಗಳ ಮೇಲೆ ಅದಕ್ಕೆ ತಕ್ಕ ಬೀಗಗಳಿವೆ. ರಕ್ತ ಕ್ಷಾರವಾದಾಗ ಬೀಗದ ಆಕಾರ ಸ್ವಲ್ಪ ಬದಲಾಗಿ, ಕೈ ಸರಿಯಾಗಿ ಕೂರುವುದಿಲ್ಲವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಗ್ರಂಥಿ ಚೋದಕವನ್ನು ಕಳುಹಿಸುತ್ತಲೇ ಇರುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ.

ಇದು ಊಹೆಯಷ್ಟೇ ಅಲ್ಲ. ಅಮೆರಿಕದ ಅಯೋವಾದ ಜೆಸ್ಸಿ ಗಾಫ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ನೇರವಾಗಿ ತೋರಿಸಿತು. ತುಂಬುಗಬ್ಬದ ಜರ್ಸಿ ಹಸುಗಳ ಒಂದು ಗುಂಪಿಗೆ ರಕ್ತವನ್ನು ಕ್ಷಾರ ಮಾಡುವ ಮೇವನ್ನೂ, ಇನ್ನೊಂದಕ್ಕೆ ಆಮ್ಲದ ಕಡೆ ವಾಲಿಸುವ ಮೇವನ್ನೂ ತಿನ್ನಿಸಿದರು. ಬಳಿಕ ಪ್ರಯೋಗಶಾಲೆಯಲ್ಲಿ ತಯಾರಿಸಿದ ಪ್ಯಾರಾಥೈರಾಯಿಡ್ ಚೋದಕವನ್ನು ಎರಡೂ ಗುಂಪಿಗೆ ಒಂದೇ ರೀತಿ ಎರಡು ದಿನಗಳ ಕಾಲ ಮತ್ತೆ ಮತ್ತೆ ಚುಚ್ಚಿದರು. ಆಮ್ಲದ ಮೇವು ತಿಂದ ಹಸುಗಳ ರಕ್ತದಲ್ಲಿ ಸುಣ್ಣ ಚೆನ್ನಾಗಿ ಏರಿತು. ಕ್ಷಾರದ ಮೇವು ತಿಂದವುಗಳಲ್ಲಿ ಏರಿಕೆ ಕಡಿಮೆ; ಚುರುಕುಗೊಂಡ ಡಿ ಜೀವಸತ್ವವೂ ಅವುಗಳಲ್ಲಿ ಕಡಿಮೆ. ಮದ್ದು ಒಂದೇ, ಪ್ರಮಾಣ ಒಂದೇ. ಮೇವು ಬೇರೆಯಾದದ್ದರಿಂದ ಫಲವೂ ಬೇರೆಯಾಯಿತು.

ಈಗ ಕ್ಯಾಲ್ಸಿಯಂ ಬಾಟಲಿಯ ವಿಚಾರ ಸ್ಪಷ್ಟವಾಗುತ್ತದೆ. ಒಂದು ಬಾಟಲಿಯಲ್ಲಿ ಸಾಧಾರಣವಾಗಿ ಇರುವುದು ಸುಮಾರು 8 ಗ್ರಾಂ ಸುಣ್ಣ. ಅದು ಕೈಸಾಲವಿದ್ದಂತೆ, ಕೆಲವು ಗಂಟೆಗಳ ಮಟ್ಟಿಗೆ ಹಸುವನ್ನು ನಿಲ್ಲಿಸುತ್ತದೆ. ಅಷ್ಟರೊಳಗೆ ಹಸುವಿನ ಸ್ವಂತ ಕಣಜ ತೆರೆದುಕೊಳ್ಳಬೇಕು. ಇದರ ಮೇಲೆ, ರಕ್ತನಾಳದ ಮೂಲಕ ಒಮ್ಮೆಗೇ ಸುಣ್ಣ ಬಂದಾಗ ಗ್ರಂಥಿಯು ಇನ್ನು ಸಾಕೆಂದು ಚೋದಕವನ್ನು ಸ್ವಲ್ಪ ಕಾಲ ನಿಲ್ಲಿಸಿಬಿಡುತ್ತದೆ. ರಕ್ತ ಕ್ಷಾರವಾಗಿದ್ದ ಹಸುವಿನಲ್ಲಿ ಅದು ಮತ್ತೆ ಸ್ರವಿಸಿದರೂ ಪ್ರಯೋಜನ ಅಲ್ಪ. ಸಾಲ ತೀರುತ್ತದೆ, ಹಸು ಮರಳಿ ಬೀಳುತ್ತದೆ.

ಕ್ಷಾರ ಬರುವುದು ಎಲ್ಲಿಂದ?

ಮೇವಿನಿಂದ. ಹಿಂದೆ ಕಟ್ಟಿಗೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದರು, ಬಟ್ಟೆಯ ಕೊಳೆ ತೆಗೆಯುತ್ತಿದ್ದರು. ಬೂದಿಗೆ ಆ ಗುಣ ಬರುವುದು ಅದರಲ್ಲಿರುವ ಪೊಟ್ಯಾಸಿಯಂನಿಂದ. ಹಸಿರು ಮೇವಿನಲ್ಲಿಯೂ ಪೊಟ್ಯಾಸಿಯಂ ಧಾರಾಳ. ಹಸು ಅದನ್ನು ಜೀರ್ಣಿಸಿಕೊಂಡಾಗ ಮೈಯೊಳಗೆ ಬೂದಿ ಕಲಸಿದಂತಾಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಸೋಡಿಯಂ ಕೂಡ ಇದೇ ಪಕ್ಷ. ಕ್ಲೋರಿನ್ ಮತ್ತು ಗಂಧಕ ಎದುರು ಪಕ್ಷ, ಇವು ಆಮ್ಲದ ಕಡೆ ಎಳೆಯುತ್ತವೆ. ಮೇವಿನಲ್ಲಿ ಎರಡು ಪಕ್ಷಗಳ ಬಲ ಎಷ್ಟೆಷ್ಟು ಎಂಬ ವ್ಯತ್ಯಾಸವೇ ರಕ್ತದ ವಾಲುವಿಕೆಯನ್ನು ನಿರ್ಧರಿಸುತ್ತದೆ. ಅಡಿಗೆ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಎರಡೂ ಸಮನಾಗಿರುವುದರಿಂದ ಅದು ಯಾವ ಕಡೆಗೂ ಎಳೆಯುವುದಿಲ್ಲ.

ನಾರ್ವೆಯಲ್ಲಿ ಎಂಡರ್, ಡಿಶಿಂಗ್‌ಟನ್ ಮತ್ತು ಸಂಗಡಿಗರು 1960 ಮತ್ತು 1970ರ ದಶಕಗಳಲ್ಲಿ, ಆಮ್ಲ ಬೆರೆಸಿ ಮಾಡಿದ ರಸಮೇವು ತಿಂದ ಹಸುಗಳಿಗೆ ಹಾಲುಜ್ವರ ಬರುವುದು ಅಪರೂಪವೆಂದು ಕಂಡುಕೊಂಡರು. 1984ರಲ್ಲಿ ಕೆನಡಾದ ಎಲಿಯಟ್ ಬ್ಲಾಕ್ ಎರಡು ಬಗೆಯ ಮೇವು ಕೊಟ್ಟು ಹೋಲಿಸಿದರು. ಕ್ಷಾರದ ಮೇವು ತಿಂದ ಹಸುಗಳಲ್ಲಿ ಸುಮಾರು ಅರ್ಧದಷ್ಟು ಹಾಲುಜ್ವರದಿಂದ ಬಿದ್ದವು, ಆಮ್ಲದ ಮೇವು ತಿಂದವುಗಳಲ್ಲಿ ಒಂದೂ ಬೀಳಲಿಲ್ಲ. 1997ರಲ್ಲಿ ಗಾಫ್ ಮತ್ತು ಹಾರ್ಸ್ಟ್ ಇನ್ನೊಂದು ಅಂಶವನ್ನು ಬಯಲಿಗಿಟ್ಟರು. ಗಬ್ಬದ ಹಸುವಿನ ಮೇವಿನಲ್ಲಿ ಸುಣ್ಣವನ್ನು ಶೇಕಡಾ 0.5ರಿಂದ 1.5ಕ್ಕೆ ಏರಿಸಿದರೂ ರೋಗ ಹೆಚ್ಚಲಿಲ್ಲ. ಪೊಟ್ಯಾಸಿಯಂ ಅನ್ನು ಶೇಕಡಾ 1.1ರಿಂದ ಮೇಲಕ್ಕೆ ಏರಿಸಿದಾಗ ಹೆಚ್ಚಿತು. ಗಬ್ಬದ ಹಸುವಿಗೆ ಸುಣ್ಣ ಕೊಡಬಾರದೆಂಬ ಹಳೆಯ ಕಟ್ಟುನಿಟ್ಟಿಗೆ ಇದರಿಂದ ಪೆಟ್ಟು ಬಿತ್ತು. ರಾಗಿಹುಲ್ಲೇ ಮುಖ್ಯ ಮೇವಾಗಿರುವ ನಮ್ಮ ಕಡೆ ಆ ನಿಯಮವನ್ನು ಪಾಲಿಸುವುದು ಹೇಗೂ ಕಷ್ಟವೇ ಆಗಿತ್ತು.

ಕೆಂಗೇರಿ ಕಡೆಯ ಕೊಟ್ಟಿಗೆಗಳಿಗೆ ಇದನ್ನು ಅನ್ವಯಿಸಿ ನೋಡಬೇಕು. ಜಾಗ ಕಿರಿದಾದ ಕಡೆ ನೇಪಿಯರ್ ಹುಲ್ಲಿನ ಮಡಿಯನ್ನು ಕೊಟ್ಟಿಗೆಯ ಚರಂಡಿಯ ಬಾಯಲ್ಲೇ ಮಾಡುವುದು ರೂಢಿ. ಗಂಜಲವೂ ತೊಳೆದ ನೀರೂ ನೇರವಾಗಿ ಮಡಿಗೆ ಹರಿದು ಹುಲ್ಲು ಕಪ್ಪು ಹಸಿರಾಗಿ ಹುಲುಸಾಗಿ ಬೆಳೆಯುತ್ತದೆ. ಹಸು ತಿಂದ ಪೊಟ್ಯಾಸಿಯಂನ ದೊಡ್ಡ ಪಾಲು ಗಂಜಲದಲ್ಲೇ ಹೊರಬರುತ್ತದೆ. ಹುಲ್ಲಿನ ಗುಣವೆಂದರೆ ಮಣ್ಣಿನಲ್ಲಿ ಪೊಟ್ಯಾಸಿಯಂ ಇದ್ದಷ್ಟನ್ನೂ ಬೇಕಿರಲಿ ಬೇಡವಿರಲಿ ಹೀರಿಕೊಳ್ಳುವುದು. ಎಳೆಯ ಹುಲ್ಲಿನಲ್ಲಂತೂ ಇನ್ನೂ ಹೆಚ್ಚು. ಹೀಗೆ ಅದೇ ಪೊಟ್ಯಾಸಿಯಂ ಹಸುವಿನಿಂದ ಮಡಿಗೆ, ಮಡಿಯಿಂದ ಹಸುವಿಗೆ ಸುತ್ತುತ್ತಿರುತ್ತದೆ. ಹಾಲು ಕರೆಯುವ ಹಸುವಿಗೆ ಈ ಹುಲ್ಲಿನಿಂದ ತೊಂದರೆಯಿಲ್ಲ. ಕರು ಹಾಕಲು ಮೂರು ವಾರ ಉಳಿದ ಹಸುವಿಗೆ ಮಾತ್ರ ಇದು ಒಗ್ಗದ ಮೇವು. ಪೊಟ್ಯಾಸಿಯಂ ಹೆಚ್ಚಾದರೆ ಹೊಟ್ಟೆಯಲ್ಲಿ ಮೆಗ್ನೀಸಿಯಂ ಹೀರುವುದಕ್ಕೂ ಅಡ್ಡಿ, ಮೆಗ್ನೀಸಿಯಂ ಇಲ್ಲದೆ ಮೇಲೆ ಹೇಳಿದ ಬೀಗ ತೆರೆಯುವುದೂ ಕಷ್ಟ. ಹೀಗೆ ಒಂದೇ ಹುಲ್ಲಿನಿಂದ ಎರಡು ಪೆಟ್ಟು.

ವೃಷಭಾವತಿಯ ಕೊಳಚೆ ನೀರು ಕೆಂಗೇರಿಯನ್ನು ದಾಟಿ ಬೈರಮಂಗಲ ಕೆರೆಯ ಕಡೆ ಹರಿಯುತ್ತದೆ. ಆ ನೀರಿನಲ್ಲಿ ಬೆಳೆದ ಹುಲ್ಲಿನ ಬಗೆಗೂ ಇದೇ ಎಚ್ಚರಿಕೆ ಇರಲಿ. ಕಾರ್ಖಾನೆಯ ನೀರೂ ಅದರಲ್ಲಿ ಸೇರುವುದರಿಂದ ಅಂಥ ಹುಲ್ಲಿಗೆ ಬೇರೆ ದೋಷಗಳೂ ಇರಬಹುದು, ಆ ವಿಷಯ ಬೇರೆ.

ಕುದುರೆ ಮಸಾಲೆ ಸೊಪ್ಪು, ಕಾಕಂಬಿ ಇವುಗಳಲ್ಲಿಯೂ ಪೊಟ್ಯಾಸಿಯಂ ಹೆಚ್ಚು. ಮೇವು ಜೀರ್ಣವಾಗಲೆಂದು ಅಡಿಗೆ ಸೋಡಾ ಕಲಸಿಡುವ ಅಭ್ಯಾಸ ಕೆಲವರಲ್ಲಿದೆ. ಕರೆಯುವ ಹಸುವಿಗೆ ಸರಿ, ತುಂಬುಗಬ್ಬದ ಹಸುವಿಗೆ ಸೋಡಾ ಕೊಡುವುದೆಂದರೆ ಹಾಲುಜ್ವರವನ್ನು ಕರೆದು ಕೂರಿಸಿದಂತೆ.

ಕೊನೆಯ ಮೂರು ವಾರ

ಹಾಲು ಬತ್ತಿಸಿದ ಹಸುವನ್ನು ಕರು ಹಾಕಲು ಮೂರು ವಾರವಿರುವಾಗ ಉಳಿದವುಗಳಿಂದ ಬೇರೆ ಗೂಟಕ್ಕೆ ಕಟ್ಟುವುದು ಒಳ್ಳೆಯದು. ಮೇವು ಬೇರೆಯಾಗಬೇಕಾದರೆ ಬಾನಿಯೂ ಬೇರೆಯಾಗಬೇಕು. ಚರಂಡಿ ಮಡಿಯ ನೇಪಿಯರ್ ಬದಲು, ಗಂಜಲ ಹರಿಯದ ಹೊಲದ ಮುಸುಕಿನ ಜೋಳದ ಮೇವು ಅಥವಾ ಅದರ ರಸಮೇವು ಮತ್ತು ಒಣಹುಲ್ಲನ್ನು ಕೊಡಬೇಕು. ಒಂದೆರಡು ಹಸುಗಳ ಮನೆಯಲ್ಲಿ ಇಷ್ಟೇ ಮಾಡಿದರೂ ಅಪಾಯ ತಕ್ಕಮಟ್ಟಿಗೆ ಇಳಿಯುತ್ತದೆ. ಖರ್ಚಿಲ್ಲದ ಈ ಕ್ರಮವನ್ನು ಬಿಟ್ಟು ನೇರವಾಗಿ ಲವಣದ ಪೊಟ್ಟಣಕ್ಕೆ ಕೈಹಾಕುವುದು ಸರಿಯಲ್ಲ.

ಹಿಂದಿನ ಸೂಲಿನಲ್ಲಿ ಬಿದ್ದಿದ್ದ ಹಸುವಾದರೆ, ಅಥವಾ ಮೂರನೆಯ ಸೂಲು ದಾಟಿದ ಹೆಚ್ಚು ಹಾಲಿನ ಹಸುವಾದರೆ, ಆಮ್ಲದ ಕಡೆ ಎಳೆಯುವ ಲವಣಗಳನ್ನು ಪಶುವೈದ್ಯರು ಸೂಚಿಸಬಹುದು. ನವಸಾಗರ ಎಂದು ಕರೆಯುವ ಅಮೋನಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಎಪ್ಸಮ್ ಉಪ್ಪು ಇವುಗಳ ಮಿಶ್ರಣ ಅದು. ಎಪ್ಸಮ್ ಉಪ್ಪಿನಿಂದ ಮೆಗ್ನೀಸಿಯಂ ಕೂಡ ದೊರೆಯುತ್ತದೆ. ಇವು ಕಹಿ, ಬರೀ ಕೊಟ್ಟರೆ ಹಸು ತಿಂಡಿಯನ್ನೇ ಬಿಡುತ್ತದೆ. ಹಿಂಡಿಯಲ್ಲಿ ಚೆನ್ನಾಗಿ ಬೆರೆಸಿ, ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಕಾಕಂಬಿ ಕಲಸಿ ರುಚಿ ಮಾಡಲು ಹೋದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಂತಾಗುತ್ತದೆ. ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಅಮೋನಿಯಂ ಲವಣ ಮಿತಿ ಮೀರಿದರೆ ವಿಷ. ಮೊದಲ ಗಬ್ಬದ ಕಡಸುಗಳಿಗೆ ಇದರ ಅಗತ್ಯವಿಲ್ಲ.

ಲವಣ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ರಕ್ತ ತೆಗೆಯಬೇಕಾಗಿಲ್ಲ, ಗಂಜಲ ನೋಡಿದರೆ ಸಾಕು. ರಕ್ತದಲ್ಲಿ ಹೆಚ್ಚಾದ ಕ್ಷಾರವನ್ನೂ ಆಮ್ಲವನ್ನೂ ಮೂತ್ರಪಿಂಡಗಳು ಗಂಜಲದ ಮೂಲಕ ಹೊರಹಾಕುತ್ತವೆ. ಸಾಧಾರಣ ಮೇವು ತಿನ್ನುವ ಹಸುವಿನ ಗಂಜಲದ ಪಿ.ಎಚ್. 8ಕ್ಕಿಂತ ಮೇಲಿರುತ್ತದೆ. ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಪಿ.ಎಚ್. ಕಾಗದದ ಪಟ್ಟಿಗಳು ದೊರೆಯುತ್ತವೆ. ತಿಂಡಿ ತಿಂದು ಕೆಲವು ಗಂಟೆಯಾದ ಮೇಲೆ ಯೋನಿಯ ಕೆಳಭಾಗವನ್ನು ಮೃದುವಾಗಿ ಸವರಿದರೆ ಹಸು ಗಂಜಲ ಹಾಕುತ್ತದೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು ಕಾಗದ ಅದ್ದಿ, ಬಣ್ಣವನ್ನು ಜೊತೆಗಿರುವ ಪಟ್ಟಿಗೆ ಹೋಲಿಸಬೇಕು. ಹೋಲ್‌ಸ್ಟೀನ್ ಮಿಶ್ರತಳಿಯಲ್ಲಿ 6.2ರಿಂದ 6.8, ಜರ್ಸಿಯಲ್ಲಿ ಅದಕ್ಕಿಂತ ತುಸು ಕಡಿಮೆ ಇದ್ದರೆ ಸರಿ. 7ರ ಮೇಲೆಯೇ ನಿಂತಿದ್ದರೆ ಲವಣ ಸಾಲದು, ಇಲ್ಲವೇ ಹಸು ತಿನ್ನುತ್ತಿಲ್ಲ, ಇಲ್ಲವೇ ಯಾರೋ ಅದಕ್ಕೆ ಚರಂಡಿ ಮಡಿಯ ಹುಲ್ಲು ಹಾಕುತ್ತಿದ್ದಾರೆ. 5.5ರ ಕೆಳಗೆ ಇಳಿದರೆ ಲವಣ ಹೆಚ್ಚಾಗಿದೆ, ಕೂಡಲೇ ಕಡಿಮೆ ಮಾಡಬೇಕು. ಅರಿಶಿನದ ನೀರು ಇಷ್ಟು ಸೂಕ್ಷ್ಮವಾಗಿ ತೋರಿಸಲಾರದು.

ಡಿ ಜೀವಸತ್ವದ ಚುಚ್ಚುಮದ್ದಿನ ಬಗ್ಗೆ ಒಂದು ಮಾತು. ಕರು ಹಾಕಲು 2ರಿಂದ 8 ದಿನ ಮುಂಚೆ 1 ಕೋಟಿ ಯೂನಿಟ್ ಕೊಡುವ ಪದ್ಧತಿ ಹಳೆಯದು. ಆದರೆ ಇದು ಕೆಲಸ ಮಾಡಬೇಕಾದರೆ ಮೂತ್ರಪಿಂಡದಲ್ಲಿ ಚುರುಕುಗೊಳ್ಳಬೇಕು, ಚುರುಕುಗೊಳಿಸುವುದು ಅದೇ ಚೋದಕ. ರಕ್ತ ಕ್ಷಾರವಾಗಿದ್ದರೆ ಇಲ್ಲಿಯೂ ಫಲ ಕಡಿಮೆ. ಕರು ಹಾಕುವ ದಿನ ಮುಂದೆ ಹೋಯಿತೆಂದು ಮತ್ತೆ ಮತ್ತೆ ಚುಚ್ಚಿಸಿದರೆ ಹೃದಯದ ರಕ್ತನಾಳಗಳಲ್ಲೂ ಮೂತ್ರಪಿಂಡದಲ್ಲೂ ಸುಣ್ಣ ಗಟ್ಟಿಗಟ್ಟುವ ಅಪಾಯವಿದೆ.

ಹಸು ಬಿದ್ದಾಗ

ಬಿದ್ದ ಹಸುವಿಗೆ ಲವಣ ತಿನ್ನಿಸಿ ರಕ್ತವನ್ನು ತಿದ್ದುವಷ್ಟು ಸಮಯವಿರುವುದಿಲ್ಲ. ವೈದ್ಯರಿಗೆ ಹೇಳಿ ಕಳುಹಿಸಿ, ಅವರು ಬರುವವರೆಗೆ ಹಸುವನ್ನು ಎದೆಯ ಮೇಲೆ ಕೂರುವಂತೆ ಹುಲ್ಲಿನ ಮೂಟೆಗಳ ಆಸರೆ ಕೊಡಬೇಕು, ಕೆಳಗೆ ದಪ್ಪನೆ ಹುಲ್ಲು ಹಾಸಬೇಕು, ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು. ಗೊಟ್ಟದಲ್ಲಿ ಏನನ್ನೂ ಕುಡಿಸಬಾರದು. ನುಂಗಲಾರದ ಹಸುವಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನು ಮೈಬಿಸಿಗೆ ಬೆಚ್ಚಗೆ ಮಾಡಿ, ಹೃದಯದ ಬಡಿತ ನೋಡುತ್ತಾ ನಿಧಾನವಾಗಿ ಏರಿಸಬೇಕಾದ ಮದ್ದು ಇದು. ಬೇಗ ಹರಿಸಿದರೆ ಹೃದಯವೇ ನಿಲ್ಲಬಹುದು. ಆದುದರಿಂದ ನೋಡಿ ಕಲಿತಿದ್ದೇವೆಂದು ಮನೆಯವರೇ ಸೂಜಿ ಹಿಡಿಯಬಾರದು.

ಹಸು ಎದ್ದು, ಚೆನ್ನಾಗಿ ನುಂಗುವಂತಾದ ಮೇಲೆ ಮರಳಿ ಬೀಳದಿರಲು ಬಾಯಿಂದ ಕೊಡುವ ಕ್ಯಾಲ್ಸಿಯಂ ಔಷಧವನ್ನು ವೈದ್ಯರು ಬರೆದುಕೊಡುತ್ತಾರೆ. ಇಲ್ಲಿಯೂ ಆಮ್ಲ-ಕ್ಷಾರದ ಮಾತು ಬರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇರುವ ಔಷಧ ಸುಣ್ಣವನ್ನೂ ಕೊಡುತ್ತದೆ, ರಕ್ತವನ್ನು ಆಮ್ಲದ ಕಡೆಗೂ ಎಳೆಯುತ್ತದೆ. ಸುಣ್ಣದ ಕಲ್ಲಿನ ಪುಡಿಯಿಂದ ಮಾಡಿದ್ದು ಈ ಎರಡನೆಯ ಕೆಲಸ ಮಾಡುವುದಿಲ್ಲ, ಕರಗಿ ರಕ್ತ ಸೇರುವುದೂ ನಿಧಾನ. ಕೊಳ್ಳುವಾಗ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ನೋಡಬೇಕು. ಕ್ಲೋರೈಡ್ ಬಾಯಿ, ಗಂಟಲುಗಳನ್ನು ಸುಡುವ ಗುಣದ್ದಾದ್ದರಿಂದ ಹೇಳಿದ್ದಕ್ಕಿಂತ ಹೆಚ್ಚು ಕೊಡಬಾರದು.

ಗಬ್ಬದಲ್ಲಿ ಕೊಡುತ್ತಿದ್ದ ಆಮ್ಲದ ಲವಣಗಳನ್ನು ಕರು ಹಾಕಿದ ದಿನವೇ ನಿಲ್ಲಿಸಬೇಕು. ಅಂದಿನಿಂದ ಹಸುವನ್ನು ಕರೆಯುವ ಹಸುಗಳ ಸಾಲಿಗೆ ಸೇರಿಸಿ, ಚರಂಡಿ ಮಡಿಯ ನೇಪಿಯರ್ ಹುಲ್ಲನ್ನು ಕ್ರಮೇಣ ಹೆಚ್ಚಿಸುತ್ತಾ ಕೊಡಬಹುದು.